ಹಿಕ್ಕೆಯ ಬೆಟ್ಟ

ಉಟಗಿ, ಮಂಗಳವಾರ, ೧೪ ಏಪ್ರಿಲ್ ೧೯೫೩

ಈ ಸಲ ಹಿಕ್ಕೆ ಬೀಳಲೆಂದು ಹೊಲದಲ್ಲಿ ಕುರಿ ನಿಲ್ಲಿಸುವುದು ಬೇಡ, ಚೀಲದ ಗೊಬ್ಬರ ತರುತ್ತೇನೆ ಎಂದು ತಮ್ಮ ಗುರುಲಿಂಗಪ್ಪನ ಹಟ. ಕುರುಬರ ಮಾಳಪ್ಪನ ಹಿಂಡು ನಾಳೆ ಅಸಂಗಿಗೆ ಹೊರಡುತ್ತದೆ.

ಮಧ್ಯಾಹ್ನ ಪೆರು ದೇಶದ ಚರಿತ್ರೆ ಓದಿದೆ. ಮಳೆಯೇ ಕಾಣದ ನಡುಗಡ್ಡೆಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಬೆಟ್ಟದಂತೆ ಬೆಳೆದಿತ್ತಂತೆ! ಹಳೆಯ ಅರಸರು ಆ ಹಕ್ಕಿ ಕೊಂದವರ ಜೀವ ತೆಗೆಯುತ್ತಿದ್ದರು. ಆಮೇಲಿನವರು ಬೆಟ್ಟವನ್ನೇ ಹಡಗಿಗೆ ತುಂಬಿ ಗೊಬ್ಬರವೆಂದು ಪರದೇಶಗಳಿಗೆ ಮಾರಿದರು. ದೇಶ ಸಿರಿವಂತವಾಯಿತು, ಒಂದೆರಡು ತಲೆಮಾರಿನಲ್ಲಿ ಬೆಟ್ಟ ಕರಗಿತು.

ರಾತ್ರಿ ಊಟಕ್ಕೆ ಕೂತಾಗ ತಮ್ಮನಿಗೆ ಇದನ್ನು ಹೇಳಿದೆ.

"ಹಿಕ್ಕಿ ಮಾರಿ ಸಾವಕಾರ್ರಾದ್ರೇನಕ್ಕಾ?" ಎಂದು ನಕ್ಕ.

"ಬೆಟ್ಟ ಕರಗಿದ ಮ್ಯಾಲ ಹಿಕ್ಕಿ ಬೆಲೆ ತಿಳೀತು. ಈಗ ಆ ಹಕ್ಕಿಗೋಳಿಗೆ ಕಾವಲು ಇಟ್ಟಾರಪಾ."

ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತು. "ಮುಂಜಾನೆ ಮಾಳಪ್ಪಗ ನಿಲ್ಲಂತೀನಿ. ನೀ ಅವಂಗ ಈ ಪುರಾಣ ಹೇಳಬ್ಯಾಡ, ಕುರಿ ನಿಲ್ಲಿಸಿದ್ದಕ್ಕ ಕಾಳು ಹೆಚ್ಚಿಗಿ ಕೇಳ್ತಾನ!"

ಊರ ಹೊರಗೆ ಕುರಿಗಳು ಅರಚುತ್ತಿವೆ. ಆ ನಡುಗಡ್ಡೆಗಳಲ್ಲಿ ಈಗ ಹಗಲು. ಹಕ್ಕಿಗಳು ಸಾಲಾಗಿ ಇಳಿಯುತ್ತಿರಬೇಕು, ಬರಿದಾದ ಆ ಕಲ್ಲಿನ ಮೇಲೆ ಮತ್ತೆ ಮೊದಲಿನಿಂದ…