ತಪ್ಪು ತಂತಿಯದಲ್ಲ

ರೀ,

ಬೇಸ್ ಗಿಟಾರನ್ನು ಮತ್ತೆ ಬಿಚ್ಚಿ ಕೂರಬೇಡಿ. ಅದೇ ದಪ್ಪ ನುಣುಪು ತಂತಿಗಳಲ್ಲಿ ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವರು, ಈ ಒಂದೇ ತಿಂಗಳಲ್ಲಿ ಮೂರು ಸೆಟ್ ಬದಲಾಯಿಸಿದ್ದೀರಿ. "ತಂತಿ ಬಿಗಿ ಕಣೇ, ಎಡಗೈಲಿ ಒತ್ತಕ್ಕೇ ಆಗ್ತಿಲ್ಲ" ಅಂದಿರಿ, ತೆಳು ತಂತಿ ಹಾಕಿದ್ದಾಯಿತು. "ತಂತಿ ಪಟ್ಟಿಯಿಂದ ತುಂಬಾ ಎತ್ತರಕ್ಕಿದೆ ಕಣೇ" ಅಂದಿರಿ, ನಿನ್ನೆ ನೀವು ಹೇಳಿದ ಸ್ಕ್ರೂಗಳನ್ನೆಲ್ಲ ತಿರುಗಿಸಿ ಇಳಿಸಿದವಳೂ ನಾನೇ. ಆದರೂ ನಿಮಗೆ ಒತ್ತಲಾಗಲಿಲ್ಲ.

ಬೆಳಿಗ್ಗೆ ನೀವು ಏಳುವ ಮೊದಲು ನಾನೇ ಒತ್ತಿ ನೋಡಿದೆ. ಒಂದು ಸ್ವರವೂ ಬಾರದ ನನ್ನ ಕಿರುಬೆರಳಿಗೇ ಬಗ್ಗಿತು ಕಣ್ರೀ. ಆಗಲೇ ಸ್ಕ್ರೂಡ್ರೈವರ್ ಎತ್ತಿಟ್ಟುಬಿಟ್ಟೆ.

ನರದ ಡಾಕ್ಟರ ಹತ್ತಿರ ಟೋಕನ್ ತೆಗೆದುಕೊಳ್ಳಲು ಹೊರಟಿದ್ದೇನೆ. ಕೇಳದೆ ಹೋದೆ ಅಂತ ಆಮೇಲೆ ಬೈಯಿರಿ. ಇಡ್ಲಿ ಡಬ್ಬಿಯಲ್ಲಿದೆ, ತಿಂದೇ ಹೊರಡಿ. ಸ್ಕೂಟರ್ ಕೀ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ. ಒಂಬತ್ತೂವರೆಗೆ ಎದುರುಮನೆ ಸಿದ್ದಪ್ಪಾಜಿಯವರು ಆಟೊದಲ್ಲಿ ಕರೆತರುತ್ತಾರೆ. ಹಳೇ ತಂತಿ ಎಸೆದಿಲ್ಲ, ಬೀರುವಿನಲ್ಲಿ ಸುತ್ತಿಟ್ಟಿದ್ದೇನೆ.

ಹಾಸಿಗೆಯ ಮೇಲೆ ಗುಂಡಿ ಇಲ್ಲದ ಟೀ ಶರ್ಟ್ ಇಟ್ಟಿದ್ದೇನೆ, ಅದನ್ನೇ ಹಾಕಿಕೊಳ್ಳಿ. ಯಾಕೆ ಅಂತ ನೀವೂ ಕೇಳಬೇಡಿ, ನಾನೂ ಹೇಳುವುದಿಲ್ಲ.

ಮಿತ್ರಾ