ಅವ್ವನ ನಗುವಿಗೊಂದು ಡಚ್ ಪದ

ಹಲಸಂಗಿ
೧೪ ನವೆಂಬರ್ ೧೯೭೬

ಮಾರ್ಗರೀತಾ ಬಾಯಿಯವರಿಗೆ ಮಾಳಿಂಗಪ್ಪ ಮಾಸ್ತರನ ನಮಸ್ಕಾರ.

ನಿಮ್ಮ ಉತ್ತರ ತಲುಪಿತು. ನೀವು ನಮ್ಮೂರಲ್ಲಿದ್ದಾಗ ಅಪ್ಪ ತೀರಿಕೊಂಡರಲ್ಲ, ಆ ದಿನ ಅವ್ವ ನಕ್ಕಳೆಂದು ಹೇಳಲು ನಿಮ್ಮ ಪುಸ್ತಕದ ಕರಡಿನಲ್ಲಿ ನೀವು ಬಳಸಿದ್ದ 'ಗ್ರಿನ್ನಿಕೆನ್' ಎಂಬ ಡಚ್ ಕ್ರಿಯಾಪದವನ್ನು ಹೊಡೆದುಹಾಕಿ ಎಂದು ಸಿಟ್ಟಿನಿಂದ ಬರೆದಿದ್ದೆ. ಒಳಗೊಳಗೇ ನಗುವುದಕ್ಕೆ ಈಗ ಹಾಗೆನ್ನುತ್ತಾರೆ, ಆದರೆ ಅದು ಹುಟ್ಟಿದ್ದು ಅಳುವುದೆಂಬ ಹಳೆಯ ಮಾತಿನಿಂದ ಎಂದು ನೀವು ವಿವರಿಸಿದ್ದೀರಿ.

ಅದನ್ನೋದಿ ನನಗೆ ಜೀವ ಬಂದಂತಾಯಿತು. ಜೋಳ ಹಸನು ಮಾಡುತ್ತಿದ್ದ ಅವ್ವನ ಬಳಿ ಹೋಗಿ, "ಅವತ್ತ ನೀ ಅತ್ತಿದ್ದಿ ಅಂತನ ಅರ್ಥ ನೋಡವ್ವಾ" ಅಂದೆ.

ಅವ್ವ ಜೋಳದ ಮೊರ ಕೆಳಗಿಟ್ಟಳು. "ಅಳಲಿಲ್ಲೋ ಯಪ್ಪಾ, ನಕ್ಕಿದ್ದೆ. ಇನ್ನ ಬಾಗಿಲ ಸಪ್ಪಳಕ್ಕ ಅಂಜೂದು ಬ್ಯಾಡಂತ ನಗಿ ಬಂತು" ಅಂದು ಕುಪ್ಪಸದ ತೋಳು ಸರಿಸಿದಳು. ಆ ಸುಟ್ಟ ಕಲೆ ರೊಟ್ಟಿ ಹಂಚಿನದೆಂದು ಇಷ್ಟು ವರ್ಷ ನಂಬಿದ್ದೆ.

"ಅಪ್ಪ ಸುಟ್ಟಿದ್ದೇನು?" ಅಂದೆ. ಹೌದೆಂದು ತಲೆಯಾಡಿಸಿದಳು.

ನನಗೆ ದಿಕ್ಕೇ ತೋಚುತ್ತಿಲ್ಲ. ಎರಡು ದಿನದಿಂದ ಶಾಲೆಗೂ ಹೋಗಿಲ್ಲ. ಗೋಡೆಯ ಮೇಲಿನ ಅಪ್ಪನ ಫೋಟೋ ಇಳಿಸಿ ಕಪಾಟಿನಲ್ಲಿಟ್ಟಿದ್ದೇನೆ.

ದಯವಿಟ್ಟು ಆ ಪದವನ್ನು ಹಾಗೆಯೇ ಉಳಿಸಿ. ಅದನ್ನು ಬಾಯಿಬಿಟ್ಟು ಹೇಗೆ ಅನ್ನಬೇಕೆಂದು ಅವ್ವ ಕೇಳುತ್ತಿದ್ದಾಳೆ. ಮೇಲೆ ಕನ್ನಡದಲ್ಲಿ ಬರೆದಂತೆಯೇ ಅಂದು ತೋರಿಸಿದ್ದೇನೆ, ಆ ಉಚ್ಚಾರ ಸರಿಯಿದೆಯೋ ಇಲ್ಲವೋ ಬರೆದು ತಿಳಿಸಿ.

ತಮ್ಮ ವಿಶ್ವಾಸಿ,
ರೇವವ್ವನ ಮಗ ಮಾಳಿಂಗಪ್ಪ