ಕಾಲು ನೆಲಕ್ಕೆ ತಾಗದ ಬೆಂಚು

ಜೂನ್ ೧೭, ಮಂಗಳವಾರ

ಪುಟ್ಟಿಯನ್ನು ಒಂದನೇ ಕ್ಲಾಸಿನಿಂದ ನೇರ ಮೂರನೆಯದಕ್ಕೆ ಹಾಕುವುದೋ ಬೇಡವೋ, ನಾಳೆ ಹೆಡ್‌ಮೇಡಂಗೆ ಹೇಳಬೇಕು. "ಮಗಳು ಜಾಣೆ ಅಂತ ಅಳೋ ತಾಯಿ ನೀನೊಬ್ಳೇ ಕಣೇ" ಎಂದು ನಕ್ಕು ಇವರು ಮಲಗಿಬಿಟ್ಟರು.

ಇವತ್ತಿನ ಕ್ಲಾಸು ಪರೀಕ್ಷೆಯಲ್ಲಿ ಅವಳ ಕೂಡುವ ಲೆಕ್ಕಗಳೆಲ್ಲ ತಪ್ಪು. ಬಾಯಲ್ಲೇ ಭಾಗಾಕಾರ ಮಾಡುವ ಹುಡುಗಿ! ತಲೆ ಬಾಚುತ್ತಾ ಮೆಲ್ಲಗೆ ಕೇಳಿದೆ.

"ಬೇಕಂತ್ಲೇ ತಪ್ಪು ಬರ್ದೆ ಅಮ್ಮ. ದೊಡ್ಡೋರ ಕ್ಲಾಸಲ್ಲಿ ಬೆಂಚು ಎತ್ತರ, ಕಾಲು ನೆಲಕ್ಕೆ ತಾಗಲ್ಲ. ಅಪ್ಪಂಗೆ ಹೇಳ್ಬೇಡ."

ಜಡೆ ಹೆಣೆದು ಮುಗಿಸಿದೆ. ಬೇಡ ಅಂದರೆ ಬುದ್ಧಿ ಬಚ್ಚಿಡುವುದನ್ನು ನಾನೇ ಕಲಿಸಿದಂತೆ. ಹೂಂ ಅಂದರೆ ದಿನವಿಡೀ ಕಾಲು ಇಳಿಬಿಟ್ಟು ಒಬ್ಬಳೇ ಕೂರುತ್ತಾಳೆ.

ಈಗ ನಿದ್ದೆಯಲ್ಲಿ ಕಾಲು ಚಾಚಿದ್ದಾಳೆ. ಮಂಡಿಯಿಂದ ಹಿಮ್ಮಡಿಗೆ ಗೇಣು ಹಾಕಿ ಅಳೆದೆ. ಒಂದೂವರೆ ಗೇಣು. ನಾಳೆ ಯಾರಿಗೇ ಏನೇ ಹೇಳುವ ಮೊದಲು ಆ ಬೆಂಚನ್ನೂ ಗೇಣು ಹಾಕಿ ಅಳೆಯಬೇಕು.